ಮಂದ್ರಧ್ವನಿಯ ಲೆಕ್ಕ

ಜಾತ್ರೆಯ ಮೆರವಣಿಗೆ ಹಿಂದಿನ ಬೀದಿಯಲ್ಲಿರುವಾಗ ನಮಗೆ ಮೊದಲು ಕೇಳಿಸುವುದು ಡೊಳ್ಳಿನ ಸದ್ದು. ನಾಗಸ್ವರ ಸ್ಪಷ್ಟವಾಗಿ ಕೇಳಬೇಕಾದರೆ ಮೆರವಣಿಗೆ ಮೂಲೆ ತಿರುಗಿ ನಮ್ಮ ಬೀದಿಗೆ ಬರಬೇಕು. ಇದರ ಕಾರಣವನ್ನು ವಿದ್ಯಾರ್ಥಿಗಳು ಬಲ್ಲರು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಆದುದರಿಂದ 2,000 ಹರ್ಟ್ಸ್ ಆವೃತ್ತಿಯ ಸ್ವರದ ತರಂಗದೂರ 17 ಸೆಂಟಿಮೀಟರ್ ಆದರೆ, 80 ಹರ್ಟ್ಸಿನ ಮಂದ್ರಧ್ವನಿಯದು 4.3 ಮೀಟರ್, 20 ಹರ್ಟ್ಸಿನದು 17 ಮೀಟರ್! ಇಷ್ಟು ದೊಡ್ಡ ಅಲೆ ಮನೆಯ ಮೂಲೆಯನ್ನು ಬಳಸಿಕೊಂಡು ಬಾಗಿ ಬರುತ್ತದೆ. ನಮ್ಮ ಎರಡು ಕಿವಿಗಳ ನಡುವಣ ಗೇಣುದ್ದದ ಅಂತರ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮುಚ್ಚಿದ ಕೋಣೆಯಲ್ಲಂತೂ 80 ಹರ್ಟ್ಸಿಗಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬಂದಿತೆಂದು ಹೇಳುವುದು ಬಹುಮಟ್ಟಿಗೆ ಅಸಾಧ್ಯ.

ಕಿವಿಯ ಈ ದೌರ್ಬಲ್ಯವನ್ನು ಧ್ವನಿಮುದ್ರಣದ ಸ್ಟುಡಿಯೋಗಳಲ್ಲಿ ಒಂದು ಉಪಾಯವಾಗಿ ಮಾಡಿಕೊಂಡಿದ್ದಾರೆ. ಚಲನಚಿತ್ರದ ಧ್ವನಿಮಿಶ್ರಣಕ್ಕೆ ಬಳಸುವ ‘ಐದು ಪಾಯಿಂಟ್ ಒಂದು’ ಎಂಬ ಏರ್ಪಾಟಿನಲ್ಲಿ, ಕೇಳುವವನ ಎದುರಿಗೆ ಒಂದು ಸ್ಪೀಕರ್, ಅದರ ಎಡಬಲಗಳಲ್ಲಿ 30 ಡಿಗ್ರಿಗಳಿಗೆ ಎರಡು, ಹಿಂಬದಿಗೆ ಸುಮಾರು 110 ಡಿಗ್ರಿಗಳಿಗೆ ಇನ್ನೆರಡು ಇರುತ್ತವೆ. ಈ ಐದಕ್ಕೂ ಒಂದೊಂದು ಪೂರ್ಣ ಧ್ವನಿವಾಹಿನಿ ಉಂಟು. ‘ಪಾಯಿಂಟ್ ಒಂದು’ ಎಂಬುದು ಆರನೆಯ ವಾಹಿನಿ. ಅದರಲ್ಲಿರುವುದು ಸ್ಫೋಟ, ಗುಡುಗು ಮೊದಲಾದ, 120 ಹರ್ಟ್ಸಿಗೆ ಮೀರದ ಗಂಭೀರ ಶಬ್ದಗಳು ಮಾತ್ರ. ಮಂದ್ರಧ್ವನಿಗೆಂದೇ ಮಾಡಿದ ಸಬ್‌ವೂಫರ್ ಎಂಬ ದೊಡ್ಡ ಪೆಟ್ಟಿಗೆ ಈ ವಾಹಿನಿಯನ್ನು ನುಡಿಸುತ್ತದೆ.

ಆರನೆಯ ವಾಹಿನಿಯೂ ಸಬ್‌ವೂಫರೂ ಒಂದೇ ಎಂಬ ಭ್ರಮೆ ಇಲ್ಲಿಯೇ ಹುಟ್ಟುತ್ತದೆ. ವಾಹಿನಿಯೆಂದರೆ ಮುದ್ರಿತವಾದ ಸಂಕೇತ. ಸಬ್‌ವೂಫರ್ ಒಂದು ಯಂತ್ರ. ಆ ಯಂತ್ರಕ್ಕೆ ಬೇರೆ ಕೆಲಸವೂ ಇದೆ. ಒಂದೇ ಪ್ರಮಾಣದ ಧ್ವನಿಯೊತ್ತಡವನ್ನು ಹುಟ್ಟಿಸಲು ಆವೃತ್ತಿ ಅರ್ಧವಾದಂತೆಲ್ಲ ಸ್ಪೀಕರಿನ ಶಂಕು ನಾಲ್ಕು ಪಾಲು ಹೆಚ್ಚು ದೂರ ಚಲಿಸಬೇಕು. 80 ಹರ್ಟ್ಸಿನಿಂದ 20ಕ್ಕೆ ಇಳಿದರೆ ಹದಿನಾರು ಪಾಲು. ಚಿಕ್ಕ ಸ್ಪೀಕರಿಗೆ ಇದು ಆಗದ ಮಾತು. ಆದುದರಿಂದ ಐದು ವಾಹಿನಿಗಳಲ್ಲಿಯೂ 80 ಹರ್ಟ್ಸಿನ ಕೆಳಗಿರುವ ಭಾಗವನ್ನು ಫಿಲ್ಟರುಗಳಿಂದ ಬೇರ್ಪಡಿಸಿ, ಒಟ್ಟುಗೂಡಿಸಿ, ಆರನೆಯ ವಾಹಿನಿಯೊಡನೆ ಸೇರಿಸಿ ಸಬ್‌ವೂಫರಿಗೆ ಕಳುಹಿಸುತ್ತಾರೆ. ಇದೇ ‘ಬಾಸ್ ಮ್ಯಾನೇಜ್‌ಮೆಂಟ್’, ಮಂದ್ರಧ್ವನಿಯ ನಿರ್ವಹಣೆ. ಇದಿಲ್ಲದ ಸ್ಟುಡಿಯೋದಲ್ಲಿ ಹವಾನಿಯಂತ್ರಣ ಯಂತ್ರದ ಗುಡುಗುಡು, ಗಾಯಕನ ಕಾಲು ತಗಲಿ ಮೈಕಿನ ಕಂಬದಿಂದ ಬಂದ ಗುದ್ದು ಇವೆಲ್ಲ ಯಾರ ಕಿವಿಗೂ ಬೀಳದೆ ಮುದ್ರಿಕೆಯೊಳಗೆ ಉಳಿದುಬಿಡುತ್ತವೆ. ಮನೆಯಲ್ಲಿ ಸಬ್‌ವೂಫರ್ ಇಟ್ಟುಕೊಂಡ ಶ್ರೋತೃವಿಗೆ ಅವು ಚೆನ್ನಾಗಿ ಕೇಳಿಸುತ್ತವೆ.

ಏರ್ಪಾಟಿನ ಮೊದಲ ಕೆಲಸ ಸಬ್‌ವೂಫರಿಗೆ ಸ್ಥಳ ಹುಡುಕುವುದು. ಕೋಣೆಯ ಉದ್ದ 6 ಮೀಟರ್ ಎಂದಿಟ್ಟುಕೊಳ್ಳೋಣ. ಎದುರುಬದುರಿನ ಗೋಡೆಗಳ ನಡುವೆ 28.7 ಹರ್ಟ್ಸಿನಲ್ಲಿ ಅರ್ಧ ಅಲೆಯೂ 57.3 ಹರ್ಟ್ಸಿನಲ್ಲಿ ಒಂದು ಪೂರ್ಣ ಅಲೆಯೂ ಸರಿಯಾಗಿ ಹಿಡಿಯುತ್ತವೆ. ಅನುರಣನ ನಳಿಕೆಯಲ್ಲಿ ನಾವು ಕಾಣುವ ಸ್ಥಾಯೀ ತರಂಗಗಳ ಬಂಧುಗಳೇ ಇವು. ಕೋಣೆಯ ನಟ್ಟನಡುವೆ ಕುಳಿತವನಿಗೆ ಮೊದಲನೆಯದರ ಒತ್ತಡ ಸೊನ್ನೆ, ಎರಡನೆಯದರದು ಗರಿಷ್ಠ. ಒಳ್ಳೆಯ ಜಾಗ ಹುಡುಕಲು ಒಂದು ಸೊಗಸಾದ ಯುಕ್ತಿಯಿದೆ. ಸಬ್‌ವೂಫರನ್ನು ಕೇಳುವವನ ಕುರ್ಚಿಯ ಸ್ಥಾನದಲ್ಲಿಟ್ಟು, ನಾವು ಗೋಡೆಗುಂಟ ಬಗ್ಗಿಕೊಂಡು ನಡೆಯುತ್ತ, ಎಲ್ಲ ಮಂದ್ರಸ್ವರಗಳೂ ಸಮನಾಗಿ ಕೇಳುವ ತಾಣವನ್ನು ಗುರುತಿಸಬೇಕು. ಪೆಟ್ಟಿಗೆಯನ್ನು ಅಲ್ಲಿಗೆ ಸಾಗಿಸಿದರೆ ಕುರ್ಚಿಯಲ್ಲಿಯೂ ಹಾಗೆಯೇ ಕೇಳುತ್ತದೆ. ಶಬ್ದದ ಮೂಲವನ್ನೂ ಕಿವಿಯನ್ನೂ ಅದಲುಬದಲು ಮಾಡಿದರೆ ಫಲ ಬದಲಾಗದೆಂಬ ರ್‍ಯಾಲೆಯವರ ತತ್ತ್ವದ ಬಳಕೆಯಿದು. ನೋಡುವವರಿಗೆ ನಗು ಬರುವುದೇನೋ ನಿಜ.

ಎರಡನೆಯದು ಜೋಡಣೆ. 80 ಹರ್ಟ್ಸಿನಲ್ಲಿ ಸ್ಪೀಕರೂ ಸಬ್‌ವೂಫರೂ ಕೂಡಿಯೇ ನುಡಿಯುತ್ತವೆ. ಸಬ್‌ವೂಫರ್ ಅರ್ಧ ತರಂಗದೂರದಷ್ಟು, ಎಂದರೆ 2.15 ಮೀಟರ್, ಹೆಚ್ಚು ದೂರವಿದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಧ್ವನಿ ಅಡಗಿಹೋಗುತ್ತದೆ. ಹತ್ತಿರದ ಸ್ಪೀಕರಿನ ಸಂಕೇತವನ್ನು ಮೀಟರಿಗೆ 2.9 ಮಿಲಿಸೆಕೆಂಡಿನಂತೆ ತಡೆದು ಕಳುಹಿಸುವುದೇ ಪರಿಹಾರ. ಫಿಲ್ಟರುಗಳೂ ಪರಸ್ಪರ ಹೊಂದಬೇಕು. 1976ರಲ್ಲಿ ಲಿಂಕ್‌ವಿಟ್ಸ್ ಮತ್ತು ರೈಲಿ ಎಂಬವರ ಹೆಸರಿನಲ್ಲಿ ಪ್ರಸಿದ್ಧಿಗೆ ಬಂದ ಫಿಲ್ಟರಿನ ಎರಡು ಭಾಗಗಳೂ ಸಂಧಿಯಲ್ಲಿ 6 ಡೆಸಿಬೆಲ್ ಇಳಿದು, ಅಂದರೆ ಅರ್ಧರ್ಧವಾಗಿ, ಏಕಪ್ರಾವಸ್ಥೆಯಲ್ಲಿ ಕೂಡುತ್ತವೆ. ಪರೀಕ್ಷೆ ಸುಲಭ: ಸಬ್‌ವೂಫರಿನ ತಂತಿಗಳನ್ನು ತಿರುವುಮುರುವಾಗಿಸಿ 80 ಹರ್ಟ್ಸಿನ ಸ್ವರವನ್ನು ನುಡಿಸಿ, ಅದು ಅತ್ಯಂತ ಕ್ಷೀಣವಾಗುವಂತೆ ತಡೆಯನ್ನು ಸರಿಪಡಿಸಿ, ಅನಂತರ ತಂತಿಗಳನ್ನು ಮೊದಲಿನಂತೆ ಜೋಡಿಸಬೇಕು. ಗರಿಷ್ಠಕ್ಕಿಂತ ಕನಿಷ್ಠವನ್ನು ಕಿವಿ ಸೂಕ್ಷ್ಮವಾಗಿ ಹಿಡಿಯುತ್ತದೆ.

ಮೂರನೆಯದು ಮಟ್ಟದ ಹೊಂದಾಣಿಕೆ. ನಾವು ಎಡವಿದ್ದು ಇಲ್ಲಿ. ಆರನೆಯ ವಾಹಿನಿಯನ್ನು ಉಳಿದವಕ್ಕಿಂತ 10 ಡೆಸಿಬೆಲ್ ಹೆಚ್ಚಾಗಿ ನುಡಿಸಬೇಕೆಂಬುದು ನಿಯಮ. ಮಿತ್ರರೊಬ್ಬರ ಸ್ಟುಡಿಯೋದಲ್ಲಿ ಇದನ್ನು ಮೊದಲ ಸಲ ಹೊಂದಿಸುವಾಗ, ಪ್ರತಿ ಅಷ್ಟಕದಲ್ಲಿಯೂ ಸಮಶಕ್ತಿಯಿರುವ ‘ಪಿಂಕ್ ನಾಯ್ಸ್’ ಎಂಬ ಶಬ್ದವನ್ನು ನುಡಿಸಿ, ಮುಖ್ಯ ಸ್ಪೀಕರಿಗೆ ಮಾಪಕ 79 ತೋರಿಸುವಂತೆ ಮಾಡಿದೆವು. ಬಳಿಕ ಆರನೆಯ ವಾಹಿನಿಗೆ ಮಾಪಕ 89 ತೋರಿಸುವವರೆಗೆ ಸಬ್‌ವೂಫರಿನ ಗುಂಡಿಯನ್ನು ತಿರುಗಿಸಿದೆವು. ಇದರಲ್ಲಿ ಎರಡು ತಪ್ಪುಗಳಿದ್ದವು. ಮುಖ್ಯ ಸ್ಪೀಕರಿನ ಶಬ್ದ 20ರಿಂದ 20,000 ಹರ್ಟ್ಸಿನವರೆಗೆ ಸುಮಾರು ಹತ್ತು ಅಷ್ಟಕಗಳಲ್ಲಿ ಹರಡಿದೆ. ಆರನೆಯ ವಾಹಿನಿಯದು 20ರಿಂದ 120ರವರೆಗೆ, ಕೇವಲ 2.6 ಅಷ್ಟಕ. ಅದರ ಒಟ್ಟು ಶಕ್ತಿ ಕಾಲುಭಾಗಕ್ಕಿಂತ ತುಸು ಹೆಚ್ಚು, ಎಂದರೆ 6 ಡೆಸಿಬೆಲ್ ಕಡಮೆ. ಆದುದರಿಂದ ಪ್ರತಿ ಅಷ್ಟಕದಲ್ಲಿ 10 ಡೆಸಿಬೆಲ್ ಹೆಚ್ಚಿಸಿದಾಗ ಮಾಪಕದ ಒಟ್ಟು ಅಂಕಿ 4 ಮಾತ್ರ ಏರಬೇಕು. 83 ಬಂದರೆ ಸಾಕಾಗಿತ್ತು. ಎರಡನೆಯ ತಪ್ಪು ಇನ್ನೂ ಕೆಟ್ಟದ್ದು. ಈ 10 ಡೆಸಿಬೆಲ್ ಸೇರಬೇಕಾದದ್ದು ಆರನೆಯ ವಾಹಿನಿಗೆ, ಅದು ಇತರ ಐದರ ಮಂದ್ರಭಾಗದೊಡನೆ ಕೂಡುವುದಕ್ಕೆ ಮುಂಚೆ. ಸಬ್‌ವೂಫರಿನ ಗುಂಡಿ ತಿರುಗಿಸಿದರೆ ಐದು ವಾಹಿನಿಗಳ ಮಂದ್ರವೂ ಜೊತೆಯಲ್ಲೇ ಏರುತ್ತದೆ. ಮಿತ್ರರು ಅತಿಯಾದ ಗುಂಕಾರವನ್ನು ಕೇಳಿ, ಅದು ಮುದ್ರಿಕೆಯ ದೋಷವೆಂದೇ ತಿಳಿದು ಡೊಳ್ಳನ್ನು ತಗ್ಗಿಸುತ್ತ ಬಂದರು. ಅಲ್ಲಿ ತುಂಬಿ ಕೇಳುತ್ತಿದ್ದ ಡೊಳ್ಳು ಬೇರೆಡೆ ನುಡಿಸಿದಾಗ ತಗಡಿನ ಡಬ್ಬಿಯಂತಾಗಿತ್ತು. ಎರಡು ವಾರದ ಕೆಲಸವನ್ನು ಅವರು ಮತ್ತೆ ಮಾಡಬೇಕಾಯಿತು.

ಕೂಡಿಸುವ ಯಂತ್ರಭಾಗಕ್ಕೆ ಸಾಕಷ್ಟು ಅವಕಾಶವಿದೆಯೇ ಎಂಬುದನ್ನೂ ನೋಡಬೇಕು. ಐದು ವಾಹಿನಿಗಳಲ್ಲಿ ಒಂದೇ ಮಂದ್ರಸ್ವರ ಏಕಪ್ರಾವಸ್ಥೆಯಲ್ಲಿ ಪೂರ್ಣಮಟ್ಟದಲ್ಲಿದ್ದರೆ ಮೊತ್ತ ಐದುಪಟ್ಟು. 10 ಡೆಸಿಬೆಲ್ ಏರಿದ ಆರನೆಯದು ಅದಕ್ಕೆ 3.16 ಪಟ್ಟನ್ನು ಸೇರಿಸುತ್ತದೆ. ಒಟ್ಟು 8.16 ಪಟ್ಟು, ಸುಮಾರು 18 ಡೆಸಿಬೆಲ್. ಇದಕ್ಕೆ ಎಡೆಯಿಲ್ಲದಿದ್ದರೆ ಅಲೆಯ ತಲೆ ಕತ್ತರಿಸಿಹೋಗಿ ಧ್ವನಿ ಕರ್ಕಶವಾಗುತ್ತದೆ.

ಎಲ್ಲವೂ ಮುಗಿದ ಮೇಲೆ ಕುರ್ಚಿಯಲ್ಲಿ ಕುಳಿತು 20ರಿಂದ 200 ಹರ್ಟ್ಸಿನವರೆಗೆ ನಿಧಾನವಾಗಿ ಏರುವ ಸ್ವರವನ್ನು ಕೇಳಬೇಕು. 80ರ ಸಮೀಪದಲ್ಲಿ ಧ್ವನಿ ಕುಸಿದರೆ ಮೊದಲು ಜೋಡಣೆಯನ್ನು ಶಂಕಿಸಿ ತಡೆಯನ್ನು ಮತ್ತೊಮ್ಮೆ ನೋಡಬೇಕು. ನಮ್ಮ ಉದಾಹರಣೆಯ ಕೋಣೆಯಲ್ಲಿ 28 ಅಥವಾ 57ರ ಬಳಿ ಕುಸಿದರೆ ಅದು ಕೋಣೆಯ ಕೆಲಸ. ಗುಂಡಿ ತಿರುಗಿಸಿ ಎಷ್ಟು ಶಕ್ತಿ ಸುರಿದರೂ ಆ ಹಳ್ಳ ತುಂಬುವುದಿಲ್ಲ. ಸಬ್‌ವೂಫರನ್ನೋ ಕುರ್ಚಿಯನ್ನೋ ಒಂದೆರಡು ಅಡಿ ಸರಿಸಿ, ಸ್ವರವನ್ನು ಮತ್ತೆ ಮೊದಲಿನಿಂದ ಕೇಳಬೇಕು.