ಕಬ್ಬಿನ ಟ್ರೈಲರಿನ ದೀಪ ಮತ್ತು ಬ್ರೇಕು: ದೋಷ ಹುಡುಕುವ ಕ್ರಮ

ಕಡಿದ ಕಬ್ಬನ್ನು ಆದಷ್ಟು ಬೇಗ ಕಾರ್ಖಾನೆಗೆ ಸಾಗಿಸಬೇಕು. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕುಗ್ಗುತ್ತದೆ. ಆದುದರಿಂದಲೇ ನುರಿಸುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ರಾತ್ರಿಯ ಹೊತ್ತೂ ಟ್ರ್ಯಾಕ್ಟರುಗಳು ಓಡುತ್ತವೆ. ವರ್ಷವಿಡೀ ಬೆಳೆಯನ್ನು ಜೋಪಾನ ಮಾಡಿದ ರೈತರು ಈ ಕೊನೆಯ ದಾರಿಯಲ್ಲಿ ಅಜಾಗರೂಕರಾಗುವುದುಂಟು. ಹಿಂದೀಪವಿಲ್ಲದ ಟ್ರೈಲರು ಕತ್ತಲಲ್ಲಿ ಹಿಂದಿನಿಂದ ಬರುವ ಬೈಕ್ ಸವಾರನಿಗೆ ಕಾಣುವುದಿಲ್ಲ. ಬ್ರೇಕಿಲ್ಲದ ಟ್ರೈಲರು ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ತಳ್ಳಿಕೊಂಡು ಹೋಗುತ್ತದೆ. ಈ ಎರಡು ದೋಷಗಳನ್ನೂ ಮನೆಯಲ್ಲೇ ಕ್ರಮವಾಗಿ ಹುಡುಕಬಹುದು.

ಬೇಕಾಗುವ ಸಾಮಾನು

12 ವೋಲ್ಟಿನ, 21 ವ್ಯಾಟಿನ ಒಂದು ಬಲ್ಬನ್ನು ಹೋಲ್ಡರಿಗೆ ಹಾಕಿ, ಅದಕ್ಕೆ ಎರಡೆರಡು ಮೀಟರ್ ಉದ್ದದ ಎರಡು ವೈರು ಜೋಡಿಸಿಕೊಳ್ಳಿ. ಇದೇ ನಿಮ್ಮ ಪರೀಕ್ಷಾ ದೀಪ. ಜೊತೆಗೆ ಉಪ್ಪುಕಾಗದ, ಸ್ಕ್ರೂಡ್ರೈವರ್, ಕೆಲವು ಫ್ಯೂಸು ಮತ್ತು ಬಲ್ಬು ಇದ್ದರೆ ಸಾಕು.

ಏಳು ಪಿನ್ನಿನ ಸಾಕೆಟ್ಟು

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಟ್ರೈಲರಿನ ದೀಪಗಳಿಗಾಗಿ ಏಳು ಪಿನ್ನಿನ ಸಾಕೆಟ್ಟು ಇರುತ್ತದೆ. ಪಿನ್ನುಗಳ ಪಕ್ಕದಲ್ಲಿ ಸಾಮಾನ್ಯವಾಗಿ ಅಂಕಿಗಳು ಮೂಡಿರುತ್ತವೆ. ರೂಢಿಯಲ್ಲಿರುವ ಜೋಡಣೆ ಹೀಗಿದೆ:

1 – ಎಡ ಇಂಡಿಕೇಟರ್
2 – ಹೆಚ್ಚುವರಿ ದೀಪ
3 – ಅರ್ತ್
4 – ಬಲ ಇಂಡಿಕೇಟರ್
5 – ಬಲ ಹಿಂದೀಪ
6 – ಬ್ರೇಕ್ ದೀಪ
7 – ಎಡ ಹಿಂದೀಪ

ಊರಿನ ಮೇಸ್ತ್ರಿಗಳು ಕೈಗೆ ಸಿಕ್ಕ ಬಣ್ಣದ ವೈರನ್ನು ಬಳಸಿರುತ್ತಾರೆ. ಆದುದರಿಂದ ಬಣ್ಣವನ್ನು ನಂಬದೆ ದೀಪದಿಂದ ಪರೀಕ್ಷಿಸಿಯೇ ತೀರ್ಮಾನಿಸಬೇಕು.

ದೋಷ ಎಲ್ಲಿದೆ?

ಮೊದಲು ದೋಷವು ಟ್ರ್ಯಾಕ್ಟರಿನಲ್ಲಿದೆಯೋ ಟ್ರೈಲರಿನಲ್ಲಿದೆಯೋ ಎಂಬುದನ್ನು ತಿಳಿಯಬೇಕು. ಟ್ರೈಲರಿನ ಪ್ಲಗ್ಗನ್ನು ಕಳಚಿ, ಕೀ ತಿರುಗಿಸಿ, ಹಿಂದೀಪದ ಸ್ವಿಚ್ಚು ಹಾಕಿ. ಪರೀಕ್ಷಾ ದೀಪದ ಒಂದು ವೈರನ್ನು ಸಾಕೆಟ್ಟಿನ 3ನೇ ಪಿನ್ನಿಗೂ ಇನ್ನೊಂದನ್ನು 5 ಮತ್ತು 7ನೇ ಪಿನ್ನುಗಳಿಗೂ ಮುಟ್ಟಿಸಿ. ಬ್ರೇಕನ್ನು ಒಬ್ಬರು ಒತ್ತಿ ಹಿಡಿದಾಗ 6ನೇ ಪಿನ್ನು, ಇಂಡಿಕೇಟರ್ ಹಾಕಿದಾಗ 1 ಮತ್ತು 4ನೇ ಪಿನ್ನುಗಳನ್ನು ನೋಡಿ.

(ಅ) ಎಲ್ಲ ಕಡೆಯೂ ದೀಪ ಚೆನ್ನಾಗಿ ಉರಿದರೆ ಟ್ರ್ಯಾಕ್ಟರು ಸರಿಯಾಗಿದೆ, ದೋಷ ಟ್ರೈಲರಿನಲ್ಲಿದೆ.

(ಆ) ಉರಿಯದಿದ್ದರೆ, 3ನೇ ಪಿನ್ನಿಗೆ ಮುಟ್ಟಿಸಿದ ವೈರನ್ನು ತೆಗೆದು ಬ್ಯಾಟರಿಯ ಋಣ ತುದಿಗೆ ಮುಟ್ಟಿಸಿ. ವೈರು ಸಾಲದಿದ್ದರೆ ಇನ್ನೊಂದು ತುಂಡನ್ನು ಜೋಡಿಸಿಕೊಳ್ಳಿ. ಈಗ ಉರಿದರೆ ಸಾಕೆಟ್ಟಿನ ಅರ್ತ್ ಕೆಟ್ಟಿದೆ.

(ಇ) ಆಗಲೂ ಉರಿಯದಿದ್ದರೆ ಫ್ಯೂಸು, ಸ್ವಿಚ್ಚು ಮತ್ತು ಬ್ರೇಕ್ ಪೆಡಲಿನ ಬಳಿ ಇರುವ ಸಣ್ಣ ಸ್ವಿಚ್ಚನ್ನು ನೋಡಬೇಕು.

ಅರ್ತ್ ದೋಷವೇ ಹೆಚ್ಚು

ಅನೇಕ ಟ್ರೈಲರುಗಳಿಗೆ ಪ್ರತ್ಯೇಕ ಅರ್ತ್ ವೈರೇ ಇರುವುದಿಲ್ಲ. ಕೊಂಡಿಯ ಕಬ್ಬಿಣದ ಮೂಲಕವೇ ವಿದ್ಯುತ್ತು ಹಿಂದಿರುಗುತ್ತದೆ. ಕೊಂಡಿಯಲ್ಲಿ ತುಕ್ಕು, ಗ್ರೀಸು, ಮಣ್ಣು ಸೇರಿದಾಗ ದಾರಿ ಕಡಿದುಹೋಗುತ್ತದೆ. ನಿಂತಾಗ ಉರಿಯುವ ದೀಪ ಹಳ್ಳಕೊಳ್ಳದಲ್ಲಿ ಹೋಗುವಾಗ ಆರುವುದು, ಬ್ರೇಕ್ ಒತ್ತಿದರೆ ಹಿಂದೀಪ ಮಂಕಾಗುವುದು, ಒಂದು ಇಂಡಿಕೇಟರ್ ಹಾಕಿದರೆ ಬೇರೆ ದೀಪಗಳೂ ಮಿನುಗುವುದು – ಇವೆಲ್ಲ ಅರ್ತ್ ದೋಷದ ಲಕ್ಷಣಗಳು. ಬ್ಯಾಟರಿಯ ಋಣ ತುದಿಯಿಂದ ಒಂದು ಉದ್ದದ ವೈರನ್ನು ತಂದು ಟ್ರೈಲರಿನ ದೀಪದ ಲೋಹದ ಭಾಗಕ್ಕೆ ಮುಟ್ಟಿಸಿ. ದೀಪ ಪ್ರಖರವಾದರೆ ಸಂಶಯವಿಲ್ಲ. 3ನೇ ಪಿನ್ನಿನಿಂದ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತ್ ವೈರು ಎಳೆಯುವುದೇ ಇದಕ್ಕೆ ಶಾಶ್ವತ ಪರಿಹಾರ. ಜೋಡಿಸುವ ಸ್ಥಳವನ್ನು ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬೋಲ್ಟು ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿ.

ಸಣ್ಣ ವೈರಿನ ನಷ್ಟ

ಅಗ್ಗವೆಂದು ತೆಳು ವೈರು ಹಾಕಬೇಡಿ. 21 ವ್ಯಾಟಿನ ಎರಡು ಬ್ರೇಕ್ ದೀಪಗಳಿಗೆ ಸುಮಾರು 3.5 ಆಂಪಿಯರ್ ವಿದ್ಯುತ್ತು ಬೇಕು. 6 ಮೀಟರ್ ದೂರಕ್ಕೆ ಹೋಗಿಬರುವ 0.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಸುಮಾರು 1.4 ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ಇಷ್ಟು ಕಡಿಮೆಯಾದರೆ ಬಲ್ಬಿನ ಬೆಳಕು ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ಅದೇ 1.5 ಚದರ ಮಿ.ಮೀ. ವೈರಿನಲ್ಲಿ ನಷ್ಟ ಅರ್ಧ ವೋಲ್ಟು ಮಾತ್ರ.

ಫ್ಯೂಸು ಪದೇ ಪದೇ ಹೋದರೆ

ಎಲ್ಲೋ ವೈರಿನ ಹೊದಿಕೆ ಸವೆದು ತಾಮ್ರವು ಕಬ್ಬಿಣಕ್ಕೆ ತಾಗುತ್ತಿದೆ ಎಂದು ತಿಳಿಯಬೇಕು. ದೊಡ್ಡ ಫ್ಯೂಸನ್ನಾಗಲಿ ತಾಮ್ರದ ಎಳೆಯನ್ನಾಗಲಿ ಹಾಕಲೇಬಾರದು. ವೈರು ಕಾದು, ಒಣ ಸೋಗೆಗೆ ಬೆಂಕಿ ತಗಲಬಹುದು. ಟ್ರೈಲರಿನ ಬಲ್ಬುಗಳನ್ನು ಕಳಚಿ, ಫ್ಯೂಸಿನ ಜಾಗದಲ್ಲಿ ಪರೀಕ್ಷಾ ದೀಪವನ್ನು ಜೋಡಿಸಿ. ದೀಪ ಪೂರ್ಣವಾಗಿ ಉರಿಯುತ್ತಿರುವವರೆಗೆ ತಾಗುವಿಕೆ ಇದೆ ಎಂದರ್ಥ. ಪ್ಲಗ್ಗು ಕಳಚಿದಾಗ ಅದು ಆರಿದರೆ ದೋಷ ಟ್ರೈಲರಿನಲ್ಲಿದೆ. ಮತ್ತೆ ಪ್ಲಗ್ಗು ಹಾಕಿ, ವೈರನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋಗಿ. ದೀಪ ಆರಿದ ಅಥವಾ ಮಿನುಗಿದ ಜಾಗದಲ್ಲೇ ದೋಷ ಸಿಗುತ್ತದೆ.

ಬ್ರೇಕಿನ ಲೆಕ್ಕ

ಒಂದು ಸರಳ ಲೆಕ್ಕ ನೋಡೋಣ. 2 ಟನ್ ತೂಕದ ಟ್ರ್ಯಾಕ್ಟರು ಒಂಟಿಯಾಗಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದು, ಬ್ರೇಕ್ ಹಿಡಿದ ಮೇಲೆ ನಾಲ್ಕೂವರೆ ಮೀಟರಿನಲ್ಲಿ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಅದಕ್ಕೆ 8 ಟನ್ನಿನ, ಬ್ರೇಕಿಲ್ಲದ ಟ್ರೈಲರು ಕಟ್ಟಿದರೆ, ಅದೇ ಬ್ರೇಕಿನ ಬಲ 10 ಟನ್ನನ್ನು ನಿಲ್ಲಿಸಬೇಕು. ಆಗ ಬೇಕಾಗುವ ದೂರ ಐದು ಪಟ್ಟು, ಅಂದರೆ ಸುಮಾರು 22 ಮೀಟರ್. 20 ಮೀಟರಿಗೆ 1 ಮೀಟರ್ ಇಳಿಯುವ ರಸ್ತೆಯಲ್ಲಾದರೆ 10 ಟನ್ನಿನ ಭಾರ ಸುಮಾರು 500 ಕಿಲೋ ಬಲದಿಂದ ಕೆಳಕ್ಕೆ ತಳ್ಳುತ್ತದೆ. ಟ್ರ್ಯಾಕ್ಟರಿನ ಬ್ರೇಕಿನ ಬಲವೆಲ್ಲ ಸೇರಿ ಸುಮಾರು 700 ಕಿಲೋ. ಹೆಚ್ಚು ಪಾಲು ಆ ತಳ್ಳುವಿಕೆಯನ್ನು ತಡೆಯುವುದಕ್ಕೇ ಖರ್ಚಾಗಿ, ನಿಲ್ಲಲು 70 ಮೀಟರಿಗೂ ಹೆಚ್ಚು ದೂರ ಬೇಕಾಗುತ್ತದೆ. ಚಾಲಕನ ಕಾಲು ಪೆಡಲಿಗೆ ಹೋಗುವ ಮೊದಲು ಕ್ರಮಿಸುವ ದೂರ ಇದರಲ್ಲಿ ಸೇರಿಲ್ಲ. ಟ್ರೈಲರಿಗೆ ಅದರದೇ ಬ್ರೇಕು ಏಕೆ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಟ್ರೈಲರಿನ ಬ್ರೇಕಿನ ದೋಷಗಳು

1. ಪೆಡಲು ಮೆತ್ತಗಾಗಿದ್ದರೆ: ಎಣ್ಣೆಯಿಂದ ನಡೆಯುವ ಬ್ರೇಕಾದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಎಣ್ಣೆ ಸೋರುತ್ತಿದೆ. ಸೋರಿಕೆ ನಿಲ್ಲಿಸಿ, ಇಬ್ಬರು ಸೇರಿ ಗಾಳಿಯನ್ನು ಹೊರಕ್ಕೆ ಬಿಡಬೇಕು. ಕೈಪಿಡಿಯಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲಿನೊಂದಿಗೆ ಖನಿಜ ಎಣ್ಣೆ ಬೆರೆತರೆ ರಬ್ಬರು ಸೀಲುಗಳು ಉಬ್ಬಿ ಕೆಡುತ್ತವೆ.

2. ಒಂದು ಪಕ್ಕಕ್ಕೆ ಎಳೆದರೆ: ಗಟ್ಟಿ ನೆಲದ ಮೇಲೆ ಜಾಕ್ ಕೊಟ್ಟು, ಉಳಿದ ಗಾಲಿಗಳಿಗೆ ಮರದ ದಿಮ್ಮಿ ಅಡ್ಡ ಇಟ್ಟು, ಗಾಲಿಯನ್ನು ಎತ್ತಿ. ಶೂ ತಾಗುವವರೆಗೆ ಅಡ್ಜಸ್ಟರನ್ನು ಬಿಗಿದು, ಗಾಲಿ ಸಲೀಸಾಗಿ ತಿರುಗುವಷ್ಟು ಸಡಿಲಿಸಿ. ಎರಡು ಪಕ್ಕಕ್ಕೂ ಸಮನಾಗಿ ಮಾಡಿ.

3. ಹಿಡಿತವೇ ಇಲ್ಲದಿದ್ದರೆ: ಲೈನಿಂಗ್ ಸವೆದಿದೆ ಅಥವಾ ಅದಕ್ಕೆ ಗ್ರೀಸು ತಗಲಿದೆ. ಗ್ರೀಸು ಹೀರಿದ ಲೈನಿಂಗನ್ನು ಒರೆಸಿದರೆ ಸಾಲದು, ಬದಲಾಯಿಸಬೇಕು; ಗ್ರೀಸು ಸೋರಿದ ಹಬ್ಬಿನ ಸೀಲನ್ನೂ ಹೊಸದು ಹಾಕಬೇಕು.

4. ಟ್ರೈಲರು ಮುಂದಕ್ಕೆ ತಳ್ಳಿದಾಗ ತಾನಾಗಿ ಹಿಡಿಯುವ ಬ್ರೇಕಾದರೆ: ಕೊಂಡಿಯ ಹಿಂದೆ ಜಾರುವ ದಂಡ ತುಕ್ಕು ಹಿಡಿದು ನಿಂತಿದೆಯೇ ನೋಡಿ, ಶುಚಿ ಮಾಡಿ ಗ್ರೀಸು ಹಾಕಿ.

ರಿಪೇರಿಯ ನಂತರ ಖಾಲಿ ಟ್ರೈಲರಿನೊಡನೆ ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಓಡಿಸಿ, ಹಲವು ಬಾರಿ ಬ್ರೇಕ್ ಹಿಡಿದು ನಿಲ್ಲಿಸಿ. ಆಮೇಲೆ ಅಂಗೈ ಹಿಂಭಾಗವನ್ನು ಪ್ರತಿ ಡ್ರಮ್ಮಿನ ಹತ್ತಿರ ಹಿಡಿದು ಶಾಖ ನೋಡಿ, ಮುಟ್ಟಬೇಡಿ. ತಣ್ಣಗಿರುವ ಡ್ರಮ್ಮು ಕೆಲಸ ಮಾಡುತ್ತಿಲ್ಲ. ಉಳಿದವುಗಳಿಗಿಂತ ಬಹಳ ಬಿಸಿಯಾದದ್ದು ಬಿಡದೆ ಹಿಡಿದುಕೊಂಡಿದೆ.

ರಸ್ತೆಯಲ್ಲಿ ನೆನಪಿಡಿ

ಟ್ರ್ಯಾಕ್ಟರಿನ ಎಡ ಬಲ ಬ್ರೇಕ್ ಪೆಡಲುಗಳನ್ನು ರಸ್ತೆಗೆ ಬರುವ ಮೊದಲೇ ಪಟ್ಟಿಯಿಂದ ಜೋಡಿಸಿ. ಒಂದೇ ಪಕ್ಕದ ಬ್ರೇಕು ಹಿಡಿದರೆ ಟ್ರ್ಯಾಕ್ಟರು ಅಡ್ಡ ತಿರುಗಿ ಮಗುಚಬಹುದು. ಇಳಿಜಾರು ಶುರುವಾಗುವ ಮೊದಲೇ ಕೆಳ ಗೇರಿಗೆ ಬನ್ನಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು, ಇಳಿಯುವಾಗ ಕ್ಲಚ್ ಒತ್ತುವುದು ಪ್ರಾಣಾಂತಿಕ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ. ಟ್ರೈಲರಿನ ಹಿಂದೆ ಕೆಂಪು ಪ್ರತಿಫಲಕಗಳನ್ನು ಅಂಟಿಸಿ. ಇಳಿಬಿದ್ದ ಕಬ್ಬು ಅವನ್ನೂ ದೀಪಗಳನ್ನೂ ಮುಚ್ಚದಂತೆ ಹೇರಿ. ಕೆಟ್ಟು ನಿಂತರೆ ದೀಪ ಹೊತ್ತಿಸಿಯೇ ಇರಲಿ, ಗಾಲಿಗೆ ಅಡ್ಡ ಕೊಡಿ, ಹಿಂದೆ ದೂರದಲ್ಲೇ ಎಚ್ಚರಿಕೆಯ ಗುರುತು ಇಡಿ.

ಹಂಗಾಮಿಗೆ ಮೊದಲು ಒಂದು ದಿನವನ್ನು ಈ ತಪಾಸಣೆಗೆ ಮೀಸಲಿಡಿ. ಆಮೇಲೆ ಪ್ರತಿ ಸಲ ಹೊರಡುವ ಮುನ್ನ ಒಬ್ಬರನ್ನು ಹಿಂದೆ ನಿಲ್ಲಿಸಿ ನಾಲ್ಕು ದೀಪ ನೋಡಿಸಿ, ಹೊಲದ ಬದುವಿನ ಬಳಿಯೇ ಒಮ್ಮೆ ಬ್ರೇಕ್ ಹಿಡಿದು ನೋಡಿ. ಎರಡು ನಿಮಿಷದ ಈ ಕೆಲಸ ನಿಮ್ಮ ಜೀವವನ್ನೂ ದಾರಿಹೋಕರ ಜೀವವನ್ನೂ ಕಾಯುತ್ತದೆ.