ಸದಾಪುಷ್ಪ ಮತ್ತು ಶ್ವಾಸಕೋಶದ ಕ್ಯಾನ್ಸರ್

ಯಮಕನಮರಡಿಯ ಅಂಗಳಗಳಲ್ಲಿ ವರ್ಷವಿಡೀ ಅರಳುವ ಸದಾಪುಷ್ಪವನ್ನು ನಾವು ಪೂಜೆಗೆ ಏರಿಸುತ್ತೇವೆ. ಇದರ ಎಲೆ ಅಗಿದರೆ ಸಕ್ಕರೆ ಕಾಯಿಲೆ ಇಳಿಯುವುದು, ಕಷಾಯ ಕುಡಿದರೆ ಕ್ಯಾನ್ಸರ್ ವಾಸಿಯಾಗುವುದು ಎಂಬ ಮಾತನ್ನೂ ಕೇಳುತ್ತೇವೆ. ಇದರಲ್ಲಿ ಸತ್ಯವೆಷ್ಟು, ಅಪಾಯವೆಷ್ಟು ಎಂಬುದನ್ನು ವಿಚಾರಿಸೋಣ.

1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅವರು ಸಕ್ಕರೆ ಕಾಯಿಲೆಯ ಮದ್ದೆಂದು ಹೆಸರಾಗಿದ್ದ ಈ ಗಿಡವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಬಿಳಿ ರಕ್ತಕಣಗಳು ಇಳಿದವು. ಆ ಜಾಡು ಹಿಡಿದು 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸಾರವನ್ನು ಬೆಳಕಿಗೆ ತಂದರು. ಅದೇ ವರ್ಗದ ವಿನೊರೆಲ್ಬಿನ್ ಇಂದು ಶ್ವಾಸಕೋಶದ ಕ್ಯಾನ್ಸರಿಗೆ ನೀಡುವ ಔಷಧಗಳಲ್ಲೊಂದು.

ಜೀವಕೋಶವು ಎರಡಾಗುವಾಗ ಅದರೊಳಗೆ ಸೂಕ್ಷ್ಮ ಎಳೆಗಳು ಕಟ್ಟಿಕೊಂಡು ವರ್ಣತಂತುಗಳನ್ನು ಎರಡು ಕಡೆಗೆ ಸಮನಾಗಿ ಎಳೆಯುತ್ತವೆ. ಈ ಔಷಧವು ಆ ಎಳೆಗಳನ್ನು ಕಟ್ಟಗೊಡದು. ವಿಭಜನೆ ನಡುವೆಯೇ ನಿಂತು, ಕೋಶವು ತನ್ನನ್ನು ತಾನೇ ಕೊನೆಗಾಣಿಸಿಕೊಳ್ಳುತ್ತದೆ. ಕೆಟ್ಟ ಕೋಶ ಹೀಗೆ ಅಳಿಯುವುದು ದೇಹದ ಸಹಜ ನಿಯಮ. ಕ್ಯಾನ್ಸರ್ ಕೋಶ ಆ ನಿಯಮವನ್ನು ತಪ್ಪಿಸಿಕೊಂಡು ಬೆಳೆಯುತ್ತದೆ. ನಮ್ಮ ಸಹ್ಯಾದ್ರಿಯ ದುರ್ವಾಸನೆ ಮರದಲ್ಲಿಯೂ ಕ್ಯಾಂಪ್ಟೊಥೆಸಿನ್ ಎಂಬ ಇಂತಹ ಸಾರವಿದೆ. ಅದರ ಮಾದರಿಯಿಂದ ರೂಪುಗೊಂಡ ಟೋಪೊಟೆಕಾನ್ ಕೂಡ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿಗೆ ಬಳಕೆಯಲ್ಲಿದೆ.

ಆದರೆ ಈ ಸಾರಗಳಿಗೆ ರೋಗದ ಕೋಶ, ಆರೋಗ್ಯದ ಕೋಶ ಎಂಬ ಭೇದ ತಿಳಿಯದು. ಬೇಗನೆ ವಿಭಜನೆಯಾಗುವ ಅಸ್ಥಿಮಜ್ಜೆಯ ಕೋಶಗಳನ್ನೂ ಅವು ಕೊಲ್ಲುತ್ತವೆ. ಆದ್ದರಿಂದಲೇ ವೈದ್ಯರು ಮಿಲಿಗ್ರಾಂ ಲೆಕ್ಕದಲ್ಲಿ ತೂಗಿ, ರಕ್ತಪರೀಕ್ಷೆ ಮಾಡುತ್ತಾ ಅವನ್ನು ನೀಡುತ್ತಾರೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಸುಮಾರು 500 ಕಿಲೋ ಒಣ ಎಲೆ ಬೇಕು. ಒಂದು ಲೋಟ ಕಷಾಯದಲ್ಲಿ ರೋಗವನ್ನು ಗೆಲ್ಲುವಷ್ಟು ಸಾರವಿಲ್ಲ. ಎಲೆಯಲ್ಲಿರುವ ಇತರ ವಿಷಾಂಶಗಳಿಗೆ ಅಳತೆಯೂ ಇಲ್ಲ. ಕಷಾಯವನ್ನು ನಂಬಿ ಕಳೆದ ತಿಂಗಳುಗಳಲ್ಲಿ ಗಡ್ಡೆ ಬೆಳೆಯುತ್ತಲೇ ಇರುತ್ತದೆ.

ಶ್ವಾಸಕೋಶದ ಕ್ಯಾನ್ಸರಿಗೆ ಮುಖ್ಯ ಕಾರಣವಾದ ತಂಬಾಕು ಕೂಡ ಸಸ್ಯವೇ. ನಿಪ್ಪಾಣಿಯ ಸೀಮೆಯಲ್ಲಿ ಬೆಳೆಯುವ ನಮ್ಮದೇ ಬೆಳೆ. ಗಿಡದಿಂದ ಬಂದುದೆಲ್ಲ ಹಿತಕರವೆಂದು ತಿಳಿಯಲಾಗದು. ಬೀಡಿ, ಸಿಗರೇಟನ್ನು ಇಂದೇ ತ್ಯಜಿಸೋಣ. ಮೂರು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗೋಣ. ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಯಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಇದಕ್ಕೆ ಚಿಕಿತ್ಸೆಯುಂಟು. ಸದಾಪುಷ್ಪವು ಪೂಜೆಗಿರಲಿ, ಅದರ ಸಾರವು ಬಲ್ಲವರ ಕೈಯಿಂದಲೇ ದೇಹ ಸೇರಲಿ.