ಒಂದು ಅವ್ಯಯದ ಬೆಲೆ

ಹೊರಕೆರೆದೇವಪುರವು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿಗೆ ಸೇರಿದ ಊರು. ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯದಿಂದ ಅದು ಹೆಸರಾಗಿದೆ. ಊರಿನ ಹೆಸರಿನಲ್ಲಿಯೇ ಕೆರೆಯುಂಟು. ಮಳೆ ಕಡಮೆಯಾದ ಈ ಸೀಮೆಯಲ್ಲಿ ಕೆರೆಯ ನೀರು ಬೇಸಾಯಗಾರನಿಗೆ ಜೀವಾಳ.

ಇಂತಹ ಊರಿನ ರೈತನೊಬ್ಬನು ನೀರಿನ ಹಕ್ಕಿನ ವಿಷಯವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯಿಸುತ್ತಾನೆಂದು ಊಹಿಸಿಕೊಳ್ಳಬಹುದು. 'ಈ ಗದ್ದೆಗೆ ಇದುವರೆಗೆ ಕೆರೆಯ ನೀರು ಹರಿದುಬಂದಿದೆ' ಎಂಬುದು ಅವನ ಮಾತು. ಬರೆಯುವವನು 'ಇದುವರೆಗೆ' ಎಂಬಲ್ಲಿ 'ಹೆನ್ಸ್‌ಫೋರ್ತ್' ಎಂಬ ಪದವನ್ನಿಟ್ಟರೆ ಅದರ ಅರ್ಥ 'ಇನ್ನು ಮುಂದೆ' ಎಂದಾಗುತ್ತದೆ. ತಲೆಮಾರುಗಳಿಂದ ನಡೆದುಬಂದ ರೂಢಿಯು ಆಗ ಹೊಸ ಬೇಡಿಕೆಯಂತೆ ತೋರುತ್ತದೆ. ಅರ್ಜಿಯ ಬಲವೇ ಕುಂದುತ್ತದೆ. ಅಲ್ಲಿ ಸಲ್ಲತಕ್ಕ ಪದ 'ಹಿದರ್‌ಟೂ'.

ಈ ಪದವು ಮಾತಿನಲ್ಲಿ ವಿರಳ. ಬರವಣಿಗೆಯಲ್ಲಿ, ಅದರಲ್ಲಿಯೂ ಗಂಭೀರವಾದ ಲೇಖನಗಳಲ್ಲಿ ಕಾಣಬರುತ್ತದೆ. ಹಳೆಯ ಇಂಗ್ಲಿಷಿನಲ್ಲಿ 'ಹಿದರ್' ಎಂದರೆ ಇತ್ತ, 'ದಿದರ್' ಎಂದರೆ ಅತ್ತ, 'ವಿದರ್' ಎಂದರೆ ಎತ್ತ. ಕನ್ನಡದ ಈ ಮೂರು ಪದಗಳನ್ನು ಬಲ್ಲ ವಿದ್ಯಾರ್ಥಿಗೆ ಆ ಮೂರನ್ನು ನೆನಪಿಡುವುದು ಕಷ್ಟವಲ್ಲ. 'ಟೂ' ಎಂಬುದು 'ವರೆಗೆ' ಎಂಬ ಅರ್ಥವನ್ನು ಕೊಡುತ್ತದೆ. ಸ್ಥಳವನ್ನು ಹೇಳುವ ಪದವೇ ಕಾಲಕ್ಕೂ ಸಲ್ಲುವುದು ಕನ್ನಡದ 'ಇಲ್ಲಿಯವರೆಗೆ' ಎಂಬುದರಲ್ಲಿಯೂ ಉಂಟಷ್ಟೆ.

ಪ್ರಯೋಗದಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು ಕಾಲ. 'ಹಿದರ್‌ಟೂ' ಎಂಬುದು ಹಿಂದಿನಿಂದ ಈವರೆಗೆ ನಡೆದುದನ್ನು ಹೇಳುತ್ತದೆ. ಆದುದರಿಂದ ಭವಿಷ್ಯತ್ಕಾಲದ ಕ್ರಿಯಾಪದದೊಡನೆ ಅದು ಹೊಂದದು. 'ಇದುವರೆಗೆ ನೀರು ಹರಿಯುವುದು' ಎಂಬ ಮಾತು ಕನ್ನಡದಲ್ಲಿ ಎಷ್ಟು ಅಸಂಬದ್ಧವೋ ಇಂಗ್ಲಿಷಿನಲ್ಲಿಯೂ ಅಷ್ಟೇ ಅಸಂಬದ್ಧ. ಎರಡನೆಯದು ಸ್ಥಾನ. 'ದಿ ಟ್ಯಾಂಕ್ ಹ್ಯಾಸ್ ಹಿದರ್‌ಟೂ ಸಪ್ಲೈಡ್ ದಿಸ್ ಫೀಲ್ಡ್' ಎಂಬಲ್ಲಿ ಅದು ಸಹಾಯಕ ಕ್ರಿಯಾಪದಕ್ಕೂ ಮುಖ್ಯ ಕ್ರಿಯಾಪದಕ್ಕೂ ನಡುವೆ ನಿಂತಿದೆ.

ಗುಣವಾಚಕದ ಹಿಂದೆಯೂ ಅದು ನಿಲ್ಲಬಲ್ಲದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವೊಂದಿದೆ. ಕೆರೆಯ ನಿರ್ಮಾಣವನ್ನು ತಿಳಿಸುವ ಆ ಶಾಸನವನ್ನು ವಿದ್ವಾಂಸರಾದ ಎಂ. ಎಚ್. ಕೃಷ್ಣ ಅವರು 1929ರಲ್ಲಿ ಬೆಳಕಿಗೆ ತಂದರು. ಅದನ್ನು ಕುರಿತು 'ಎ ಹಿದರ್‌ಟೂ ಅನ್‌ನೋನ್ ಇನ್‌ಸ್ಕ್ರಿಪ್ಷನ್' ಎಂದರೆ 'ಅದುವರೆಗೆ ತಿಳಿಯದಿದ್ದ ಶಾಸನ' ಎಂದರ್ಥ. ಗತಕಾಲದ ಕಥನದಲ್ಲಿ 'ಇದುವರೆಗೆ' ಎಂಬುದು ಹೀಗೆ 'ಅದುವರೆಗೆ' ಎಂದಾಗುತ್ತದೆ.

ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಅವ್ಯಯಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಲಿಂಗ, ವಚನ, ವಿಭಕ್ತಿಗಳಿಂದ ಅವ್ಯಯವು ಮಾರ್ಪಡುವುದಿಲ್ಲ. ತಾನು ಬದಲಾಗದಿದ್ದರೂ ವಾಕ್ಯದ ಅರ್ಥವನ್ನು ಅದು ಬದಲಿಸಬಲ್ಲದು. ನಿಘಂಟಿನಲ್ಲಿ ಪದದ ಅರ್ಥವನ್ನು ನೋಡಿದರೆ ಸಾಲದು. ಅದು ಯಾವ ಕಾಲದೊಡನೆ, ಯಾವ ಸ್ಥಾನದಲ್ಲಿ ಸಲ್ಲುತ್ತದೆಂಬುದನ್ನು ಅರಿತು ಬಳಸುವವನೇ ಭಾಷೆಯನ್ನು ಬಲ್ಲವನು.